ಸ್ಟುಟ್‌ಗಾರ್ಟಿಗೊಂದು ಅರ್ಜಿ

ಅರ್ಜಿ ಬರೆಯುವುದು ನನಗೆ ಹೊಸದೇನೂ ಅಲ್ಲ. ರೇಷನ್ ಕಾರ್ಡಿನಲ್ಲಿ ಅತ್ತೆಯವರ ವಯಸ್ಸು ತಿದ್ದಿಸುವುದಕ್ಕೆ, ಬೀದಿದೀಪ ಕೆಟ್ಟು ತಿಂಗಳಾಯಿತೆಂದು ನಗರಸಭೆಗೆ ತಿಳಿಸುವುದಕ್ಕೆ, ಓರಗಿತ್ತಿಯ ಮಗನ ಹಾಸ್ಟೆಲ್ ಸೀಟಿಗೆ, ಪಕ್ಕದ ಮನೆಯವರ ನಲ್ಲಿ ಸಂಪರ್ಕಕ್ಕೆ, ಹೀಗೆ ನಮ್ಮ ಬೀದಿಯ ಅರ್ಧ ಅರ್ಜಿಗಳು ನನ್ನ ಕೈಬರಹದಲ್ಲೇ ಹೋಗುವುದು. ಸಾಗರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಎಂಟನೇ ಕ್ಲಾಸಿನ ಮಕ್ಕಳಿಗೆ ವರ್ಷ ವರ್ಷವೂ ‘ರಜಾ ಅರ್ಜಿ’ ಕಲಿಸಿದವಳಿಗೆ ಇದೇನು ಮಹಾ! ‘ಮಾನ್ಯರೇ’ ಎಂದು ಶುರು ಮಾಡಿ, ‘ಇಂತಿ ತಮ್ಮ ವಿಧೇಯ’ ಎಂದು ಮುಗಿಸಿದರೆ, ನಡುವಿನದ್ದು ತಾನಾಗಿ ತುಂಬಿಕೊಳ್ಳುತ್ತದೆ.

ಆದರೆ 2023ರ ದಸರಾ ರಜದಲ್ಲಿ ನಮ್ಮ ಪುಟ್ಟಿ ಅಡುಗೆಮನೆಯ ಕಟ್ಟೆ ಹತ್ತಿ ಕೂತು, “ಅಮ್ಮಾ, ನಾನು ಎಂಎಸ್‌ಗೆ ಜರ್ಮನಿಗೆ ಅಪ್ಲೈ ಮಾಡ್ತೀನಿ” ಅಂದಾಗ, ಅದೂ ಒಂದು ಅರ್ಜಿಯೇ ತಾನೇ ಅಂದುಕೊಂಡು ನಾನು ಒಗ್ಗರಣೆಗೆ ಸಾಸಿವೆ ಹಾಕಿದೆ. ಆ ಒಂದು ಅರ್ಜಿ ನಮ್ಮ ಮನೆಯ ಬೀರುವಿನ ಒಳಗಿದ್ದ ಅಷ್ಟೂ ಕಾಗದಗಳನ್ನು ಹೊರಗೆ ಹಾಕಿಸುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಪುಟ್ಟಿ ಶಿವಮೊಗ್ಗದಲ್ಲಿ ಸಿವಿಲ್ ಇಂಜಿನಿಯರಿಂಗ್ ಮುಗಿಸಿದ್ದಳು. ಇವರು, ಅಂದರೆ ನಮ್ಮ ಮನೆಯವರು, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಊರಲ್ಲಿ ಎರಡು ಎಕರೆ ತೋಟವಿದೆ, ಪಾಲಾಗಿಲ್ಲ. ಚಿಕ್ಕವನು ಆಗ ಪಿಯುಸಿ. ಇದು ನಮ್ಮ ಸಂಸಾರ. ಇಂಥ ಮನೆಯಿಂದ ಜರ್ಮನಿ ಯಾಕೆ ಅಂದರೆ, ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಪಾಠಕ್ಕೆ ಶುಲ್ಕವೇ ಇಲ್ಲ ಅಂತ ಅವಳು ಹೇಳಿದ್ದಳು. ನಾನು ನಂಬಲಿಲ್ಲ. ನಮ್ಮಲ್ಲಿ ಎಲ್‌ಕೆಜಿಗೇ ಡೊನೇಶನ್ ಕೇಳುವ ಕಾಲ. ಆಮೇಲೆ ನೋಡಿದರೆ ಅದು ನಿಜ. ಆದರೆ ನಮ್ಮ ಪುಟ್ಟಿಗೆ ಇಷ್ಟವಾದ ಕೋರ್ಸು, ಇಂಗ್ಲಿಷಿನಲ್ಲಿ ಕಲಿಸುವ ಜಲಸಂಪನ್ಮೂಲದ ಇಂಜಿನಿಯರಿಂಗ್, ಇದ್ದದ್ದು ಸ್ಟುಟ್‌ಗಾರ್ಟಿನಲ್ಲಿ. ಆ ಊರು ಬಾಡೆನ್-ವುರ್ಟೆಂಬರ್ಗ್ ಎಂಬ ರಾಜ್ಯಕ್ಕೆ ಸೇರಿದ್ದು. ಆ ರಾಜ್ಯದವರು 2017ರಿಂದ ನಮ್ಮಂಥ ಹೊರಗಿನವರ ಹತ್ತಿರ ಸೆಮಿಸ್ಟರಿಗೆ 1,500 ಯೂರೋ ಇಸಿದುಕೊಳ್ಳುತ್ತಾರೆ. ನೋಡಿ, ನಮ್ಮ ಅದೃಷ್ಟ!

ಮೊದಲು ಒಬ್ಬ ಏಜೆಂಟರ ಹತ್ತಿರ ಹೋದೆವು. ಎಸಿ ರೂಮು, ಗೋಡೆ ತುಂಬ ನಗುವ ಮಕ್ಕಳ ಫೋಟೋ. ಆತ ಪುಟ್ಟಿಯ ಅಂಕಪಟ್ಟಿಯನ್ನು ಸರಿಯಾಗಿ ನೋಡಲೂ ಇಲ್ಲ, ಒಂದು ಖಾಸಗಿ ಕಾಲೇಜಿನ ಹೆಸರು ಹೇಳಿ, “ಸೀಟು ಗ್ಯಾರಂಟಿ ಮೇಡಂ, ಎಂಟು ಲಕ್ಷ ಫೀಸು” ಅಂದ. ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಯಾಕೆ ಹಾಕಿಸುವುದಿಲ್ಲ ಎಂದು ಕೇಳಿದ್ದಕ್ಕೆ ಅದು ಬಹಳ ಕಷ್ಟ ಅಂದ. ಹೊರಗೆ ಬಂದ ಮೇಲೆ ಇವರು ಮಂಡಿಯ ಲೆಕ್ಕಿಗರ ಬುದ್ಧಿಯಿಂದ ಒಂದು ಮಾತು ಹೇಳಿದರು: “ಯಾವ ಮಾಲಿಗೆ ದಲಾಲಿ ಜಾಸ್ತಿಯೋ ಅದನ್ನೇ ದಲ್ಲಾಳಿ ಹೊಗಳೋದು.” ವಿಚಾರಿಸಿದರೆ ಹಾಗೇ ಇತ್ತು. ಖಾಸಗಿ ಕಾಲೇಜುಗಳು ಮಗು ಒಂದಕ್ಕೆ ಇಷ್ಟು ಎಂದು ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಅವತ್ತಿನಿಂದ ಅರ್ಜಿಯ ಕೆಲಸವೆಲ್ಲ ನಮ್ಮ ಊಟದ ಮೇಜಿನ ಮೇಲೇ ನಡೆಯಿತು.

ಅರ್ಜಿಯ ಮೊದಲ ಸಾಲು ಹೆಸರು. ಹೆಸರು ಬರೆಯುವುದಕ್ಕೆ ಏನು ಕಷ್ಟ ಅಂತೀರಾ? ನಮ್ಮ ಕಡೆಯ ಹೆಸರುಗಳು ನಿಮಗೆ ಗೊತ್ತಲ್ಲ. ಒಂದು ಇನಿಶಿಯಲ್ ಊರಿನದ್ದು, ಒಂದು ಅಪ್ಪನದ್ದು, ಕೊನೆಗೆ ಅವಳದ್ದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಹಿಂದೆ, ಪಿಯುಸಿಯಲ್ಲಿ ಮುಂದೆ, ಆಧಾರಿನಲ್ಲಿ ಒಂದೇ ಇನಿಶಿಯಲ್. ಪಾಸ್‌ಪೋರ್ಟಿನವರು ಇನಿಶಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಕುಲನಾಮ ಎಂಬ ಖಾನೆಗೆ ಏನು ತುಂಬುವುದು? ನಮಗೆ ಕುಲನಾಮವೇ ಇಲ್ಲ. ಕಡೆಗೆ ಅಪ್ಪನ ಹೆಸರನ್ನೇ ಅಲ್ಲಿ ಹಾಕಿದ್ದಾಯಿತು. ಖಾಲಿ ಬಿಟ್ಟರೆ ಇನ್ನೂ ಫಜೀತಿ. ಪಾಸ್‌ಪೋರ್ಟಿನಲ್ಲಿ ಹೀಗೆ ಒಂದು ಖಾನೆ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗಿ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಹೆತ್ತವರು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಮೂರು ಸಲ ಹೇಳಿದ ಹೆಸರು ಗೊತ್ತಿಲ್ಲ ಅನ್ನಿಸಿಕೊಳ್ಳುವುದೆಂದರೆ!

ಇದರ ಫಲ ಏನಾಯಿತೆಂದರೆ, ಜರ್ಮನಿಯಿಂದ ಬರುವ ಪತ್ರಗಳಲ್ಲಿ ನಮ್ಮ ಪುಟ್ಟಿಯ ಹೆಸರು ಮಾಯವಾಗಿ, ‘ಫ್ರಾವ್’ ಎಂಬ ಶಬ್ದದ ಮುಂದೆ ಅವಳ ಅಪ್ಪನ ಹೆಸರು ಕೂತಿತು. ಫ್ರಾವ್ ಅಂದರೆ ಶ್ರೀಮತಿ. ಅದನ್ನು ಓದಿದ ಚಿಕ್ಕವನು ಒಂದು ವಾರ ಅಪ್ಪನನ್ನು ಶ್ರೀಮತಿ ಎಂದೇ ಕರೆದ. ಇವರ ಹೆಸರೇನೆಂದು ಕೇಳಬೇಡಿ. ನಮ್ಮತ್ತೆ ಈ ಬರಹವನ್ನು ಯಾರಿಂದಲಾದರೂ ಓದಿಸಿಕೊಂಡೇ ಕೇಳುತ್ತಾರೆ. ಗಂಡನ ಹೆಸರು ಅಚ್ಚು ಹಾಕಿಸಿದಳು ಅನ್ನಿಸಿಕೊಳ್ಳಲು ನನಗಿಷ್ಟವಿಲ್ಲ.

ಹೆಸರಾದ ಮೇಲೆ ಅಂಕ. ಪುಟ್ಟಿಯದ್ದು ಹತ್ತಕ್ಕೆ 8.2. ನಮ್ಮಲ್ಲಿ ಹೆಚ್ಚು ಬಂದವರು ಜಾಣರು, ಅಲ್ಲಿ ಕಡಿಮೆ ಬಂದವರು ಜಾಣರು! ಒಂದು ಬಂದರೆ ಎಲ್ಲಕ್ಕಿಂತ ಮೇಲು, ನಾಲ್ಕಕ್ಕೆ ಪಾಸು, ಐದಾದರೆ ಗೋತಾ. ನಮ್ಮ ಅಂಕವನ್ನು ಅವರ ಅಂಕಕ್ಕೆ ಇಳಿಸುವುದಕ್ಕೆ ಬವೇರಿಯಾದ ಹೆಸರಿನ ಒಂದು ಸೂತ್ರವಿದೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಪಾಸಿನ ಅಂಕಗಳ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ಪಾಸಿನ ಗೆರೆ ನಾಲ್ಕು ಎಂದು ಹಿಡಿದರೆ ಪುಟ್ಟಿಯದ್ದು 1.9 ಆಯಿತು. ಇವರು ಮಂಡಿಯ ಚೀಟಿಯ ಹಿಂದೆ ಎರಡೆರಡು ಸಲ ಲೆಕ್ಕ ಹಾಕಿ, “ಪರವಾಗಿಲ್ಲ, ಎರಡರ ಒಳಗಿದೆ” ಅಂದರು. ಮಗಳ ಅಂಕ ಇಷ್ಟು ಕಡಿಮೆಯಾದದ್ದಕ್ಕೆ ಅಪ್ಪ ಸಂತೋಷಪಟ್ಟದ್ದು ಅದೇ ಮೊದಲು.

ಇನ್ನು ಅಂಕಪಟ್ಟಿಗಳು ಅಸಲಿಯೆಂದು ಸಾಬೀತು ಮಾಡುವ ಎಪಿಎಸ್ ಎಂಬ ಪ್ರಮಾಣಪತ್ರ. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳಿಗೆಲ್ಲ ಇದನ್ನು ಕಡ್ಡಾಯ ಮಾಡಿದ್ದಾರೆ. ಆಗ ದೆಹಲಿಗೆ ಕಾಗದ ಕಳಿಸಬೇಕಿತ್ತು, 18,000 ರೂಪಾಯಿ ಕಟ್ಟಬೇಕಿತ್ತು. ಯಾರೋ ಎಲ್ಲೋ ಸುಳ್ಳು ಅಂಕಪಟ್ಟಿ ಕೊಟ್ಟಿದ್ದಕ್ಕೆ ಕಷ್ಟಪಟ್ಟು ಓದಿದವರೂ ದಂಡ ತೆರಬೇಕು. ಇಂಗ್ಲಿಷಿಗೆ ಐಇಎಲ್‌ಟಿಎಸ್ ಪರೀಕ್ಷೆ ಬೇರೆ. ಅದನ್ನು ಬೆಂಗಳೂರಿನಲ್ಲಿ ಬರೆದು ಬಂದಳು, ಒಂಬತ್ತಕ್ಕೆ ಏಳು ಬಂತು. ಅಧ್ಯಾಪಕರ ಶಿಫಾರಸು ಪತ್ರ ಎರಡು ಬೇಕಿತ್ತು. ಒಬ್ಬರು ಮೇಡಂ ಕೂತು ತಾವೇ ಬರೆದುಕೊಟ್ಟರು. ಇನ್ನೊಬ್ಬರು, “ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ” ಅಂದರು. ತನ್ನನ್ನು ತಾನೇ ಹೊಗಳಿಕೊಳ್ಳುವುದಕ್ಕೆ ಪುಟ್ಟಿಗೆ ನಾಲ್ಕು ದಿನ ಹಿಡಿಯಿತು.

ಇವೆಲ್ಲ ಕೈಕಾಲಿಗೆ ಆಯಾಸ ಕೊಡುವ ಕೆಲಸಗಳು. ತಲೆಗೆ ಆಯಾಸವಾದದ್ದು ‘ಉದ್ದೇಶ ಪತ್ರ’ದಲ್ಲಿ. ನೀನು ಯಾರು, ಈ ವಿಷಯ ಯಾಕೆ, ಈ ದೇಶಕ್ಕೇ ಯಾಕೆ, ಓದಿ ಏನು ಮಾಡುತ್ತೀ, ಎಲ್ಲವನ್ನೂ ಒಂದೆರಡು ಪುಟದಲ್ಲಿ ಹೇಳಬೇಕು. ಪುಟ್ಟಿ ಬರೆದ ಮೊದಲ ಪ್ರತಿಯನ್ನು ಕನ್ನಡ ಮಾಡಿ ಓದಿಸಿಕೊಂಡೆ. ಬಾಲ್ಯದಿಂದಲೂ ತನಗೆ ಇಂಜಿನಿಯರಿಂಗಿನಲ್ಲಿ ಅಪಾರ ಆಸಕ್ತಿ, ಜಗತ್ತಿನಲ್ಲಿ ನೀರಿನ ಸಮಸ್ಯೆ ತೀವ್ರವಾಗಿದೆ, ಜರ್ಮನಿ ತಂತ್ರಜ್ಞಾನದಲ್ಲಿ ಮುಂದುವರಿದ ದೇಶ. ಎಂಟನೇ ಕ್ಲಾಸಿನ ಮಕ್ಕಳು ‘ನನ್ನ ಮೆಚ್ಚಿನ ಹಬ್ಬ’ ಬರೆದ ಹಾಗಿತ್ತು. ಬಾಲ್ಯದಲ್ಲಿ ಇವಳಿಗಿದ್ದ ಅಪಾರ ಆಸಕ್ತಿ ಹಲಸಿನ ಹಪ್ಪಳದಲ್ಲಿ, ಅದು ನನಗೆ ಗೊತ್ತು.

ಆ ಹೊತ್ತಿಗೆ ಅತ್ತೆ ಜಗಲಿಯಲ್ಲಿ ಕವಳ ಹಾಕುತ್ತಾ ಕೂತಿದ್ದರು. “ಅಲ್ವೇ ಪುಟ್ಟಿ, ಅಷ್ಟು ದೂರ ಯಾಕೆ ಹೋಗ್ತೀಯ?” ಎಂದು ಕೇಳಿದರು. ಬಯ್ಯುವ ದನಿಯಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ್ದು. ಪುಟ್ಟಿ ಇಂಗ್ಲಿಷ್ ಬಿಟ್ಟು ಅಜ್ಜಿಯ ಪಕ್ಕ ಕೂತು ಹೇಳತೊಡಗಿದಳು. “ಅಜ್ಜಿ, ನಿನ್ನ ತೌರುಮನೆ ನೀರಲ್ಲಿ ಹೋಯ್ತಲ್ಲ, ಅಣೆಕಟ್ಟು ಎಷ್ಟು ಎತ್ತರ ಕಟ್ಟಿದ್ರೆ ಎಷ್ಟು ಊರು ಹೋಗುತ್ತೆ, ಅಷ್ಟು ಎತ್ತರ ಬೇಕಿತ್ತಾ, ಇನ್ನು ಮುಂದೆ ಕಟ್ಟೋದೇ ಬೇಡ ಅನ್ನೋ ಹಾಗೆ ನೀರನ್ನ ಹೇಗೆ ಆಳೋದು, ಅದನ್ನ ಲೆಕ್ಕ ಹಾಕೋ ವಿದ್ಯೆ ಅದು.”

ನಮ್ಮತ್ತೆ ಮುಳುಗಡೆಯವರು. ಘಟ್ಟದ ಕೆಳಗಿನವರಿಗೆ, ಬಯಲುಸೀಮೆಯವರಿಗೆ ಈ ಶಬ್ದ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿಯಿತು. ನಾಡಿಗೆಲ್ಲ ಕರೆಂಟು ಬಂತು. ಹಿನ್ನೀರಿನಲ್ಲಿ ಊರಿಗೆ ಊರೇ ಹೋದವು, ಜನರನ್ನು ಲಾರಿಗಳಲ್ಲಿ ತುಂಬಿ ಎಲ್ಲೆಲ್ಲಿಗೋ ಸಾಗಿಸಿದರು. ಅತ್ತೆಗೆ ಆಗ ಇಪ್ಪತ್ತು ವರ್ಷ, ಮದುವೆಯಾಗಿ ಎರಡು ವರ್ಷ. ಅವರ ಅಪ್ಪನ ಮನೆಯವರು ಕಾಡಿನ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು ಚಿಮಣಿ ಬುಡ್ಡಿಯಲ್ಲಿ ಎಷ್ಟೋ ವರ್ಷ ಕಳೆದರು. ಕರೆಂಟಿಗಾಗಿ ಮನೆ ಕೊಟ್ಟವರಿಗೆ ಕರೆಂಟಿಲ್ಲ! ಕೊಟ್ಟ ಜಾಗದ ಹಕ್ಕುಪತ್ರದ ಗೋಳಂತೂ ಅಂಥ ಎಷ್ಟೋ ಮನೆಗಳಿಗೆ ಇವತ್ತಿಗೂ ಮುಗಿದಿಲ್ಲ. ಹಿನ್ನೀರು ತೀರ ಇಳಿದ ಬೇಸಿಗೆಗಳಲ್ಲಿ, ಲಿಂಗನಮಕ್ಕಿಗಿಂತ ಮೊದಲು ಕಟ್ಟಿದ್ದ ಮಡೆನೂರಿನ ಹಳೆಯ ಅಣೆಕಟ್ಟು ನೀರಿನಿಂದ ಮೇಲೆದ್ದು ಕಾಣುತ್ತದೆ. ಜನ ಫೋಟೋ ತೆಗೆಯಲು ಹೋಗುತ್ತಾರೆ. ಅತ್ತೆ ಒಮ್ಮೆಯೂ ಹೋಗಿಲ್ಲ.

ಅಜ್ಜಿಗೆ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಬರೆ ಅಂದೆ ಪುಟ್ಟಿಗೆ. “ಅಮ್ಮಾ, ಅಜ್ಜಿ ಕತೆಯೆಲ್ಲ ಅವರಿಗ್ಯಾಕೆ?” ಅಂದಳು. ಬರೆದ ಮೇಲೆ ಅವಳಿಗೇ ಗೊತ್ತಾಯಿತು, ಇದು ಇವಳೊಬ್ಬಳೇ ಬರೆಯಬಹುದಾದ ಪತ್ರ.

ಆಗ ನನಗೆ ಆನಂದೀಬಾಯಿ ಜೋಶಿಯ ನೆನಪಾಯಿತು. ಹೈಸ್ಕೂಲಿನಲ್ಲಿ ಮಕ್ಕಳಿಗೆ ಅವರ ಕತೆ ಹೇಳುತ್ತಿದ್ದೆ. ವೈದ್ಯವಿದ್ಯೆ ಕಲಿಯಲು ಅಮೆರಿಕಕ್ಕೆ ಹೊರಟ ಮರಾಠಿ ಹುಡುಗಿ, ಹದಿನೆಂಟು ತುಂಬಿರಲಿಲ್ಲ. ಊರವರ ಕುಹಕ ತಾಳಲಾರದೆ 1883ರಲ್ಲಿ ಬಂಗಾಳದ ಸೆರಾಂಪುರದ ಕಾಲೇಜಿನಲ್ಲಿ ಸಭೆಯ ಎದುರು ನಿಂತು, ತಾನೇಕೆ ಹೋಗುತ್ತೇನೆ ಎಂದು ಇಂಗ್ಲಿಷಿನಲ್ಲಿ ಭಾಷಣ ಮಾಡಿದಳು. ನಮ್ಮ ಹೆಂಗಸರಿಗೆ ಹೆಂಗಸು ಡಾಕ್ಟರೇ ಬೇಕು, ಅದಕ್ಕೆ ಇಲ್ಲಿ ಸಿಗುವ ಕಲಿಕೆ ಸಾಲದು ಎಂಬುದು ಅವಳ ವಾದ. 1886ರಲ್ಲಿ ಫಿಲಡೆಲ್ಫಿಯಾದಲ್ಲಿ ಎಂಡಿ ಮುಗಿಸಿದಳು. ಊರಿಗೆ ಮರಳಿ, ಪಾಪ, 1887ರ ಫೆಬ್ರವರಿಯಲ್ಲಿ ಕ್ಷಯದಿಂದ ತೀರಿಕೊಂಡಳು. ಇಪ್ಪತ್ತೆರಡು ವರ್ಷವೂ ಆಗಿರಲಿಲ್ಲ. ಇಷ್ಟು ವರ್ಷವಾದರೂ ಹೆಣ್ಣುಮಕ್ಕಳನ್ನು ಕೇಳುವ ಪ್ರಶ್ನೆ ಅದೇ ಇದೆ. ಗಂಡುಹುಡುಗರನ್ನು ಎಲ್ಲಿಗೆ ಹೋಗುತ್ತೀ ಎಂದು ಕೇಳುತ್ತಾರೆ, ಹೆಣ್ಣುಹುಡುಗಿಯರನ್ನು ಯಾಕೆ ಹೋಗುತ್ತೀ ಎಂದು.

ಐದು ಕಡೆ ಅರ್ಜಿ ಹೋಯಿತು. ಮೂರು ಕಡೆಯಿಂದ ವಿಷಾದದ ಉತ್ತರ ಬಂತು, ಒಂದು ಕಡೆಯಿಂದ ಉತ್ತರವೇ ಇಲ್ಲ. ಪುಟ್ಟಿ ಬಾಗಿಲು ಹಾಕಿಕೊಂಡು ಮಲಗುತ್ತಿದ್ದಳು. ಸ್ಟುಟ್‌ಗಾರ್ಟಿನವರು ಸೀಟು ಕೊಟ್ಟ ದಿನ ಮನೆಯಲ್ಲಿ ಕರೆಂಟಿರಲಿಲ್ಲ. ಮೊಬೈಲಿನ ಬೆಳಕಲ್ಲಿ ಪತ್ರ ಓದಿದೆವು. ಸಕ್ಕರೆ ಡಬ್ಬಿಯೇ ಸಿಗದೆ ಬೆಲ್ಲ ಹಂಚಿದೆ.

ಖುಷಿ ಬೆಳಗಾಗುವವರೆಗೆ ಮಾತ್ರ. ಬೆಳಿಗ್ಗೆ ಇವರು ಚೀಟಿ ಪೆನ್ನು ಹಿಡಿದು ಕೂತರು. ನಾಲ್ಕು ಸೆಮಿಸ್ಟರಿಗೆ 6,000 ಯೂರೋ ಶುಲ್ಕ. ಅದಲ್ಲದೆ ವೀಸಾಕ್ಕೆ ಮೊದಲೇ ಒಂದು ವರ್ಷದ ಊಟ ವಸತಿಯ ಖರ್ಚನ್ನು ಅಲ್ಲಿನ ಒಂದು ಖಾತೆಯಲ್ಲಿ ಕಟ್ಟಿಟ್ಟು ತೋರಿಸಬೇಕು. ಅದಕ್ಕೆ ಬ್ಲಾಕ್ಡ್ ಅಕೌಂಟ್ ಎನ್ನುತ್ತಾರೆ. ಆಗ ಅದು 11,208 ಯೂರೋ ಇತ್ತು, 2024ರ ಸೆಪ್ಟೆಂಬರಿನಿಂದ 11,904 ಮಾಡಿದರು. ನಮ್ಮ ದುಡ್ಡೇ, ಆದರೆ ಒಟ್ಟಿಗೆ ತೆಗೆಯುವ ಹಾಗಿಲ್ಲ. ಆಗ ತಿಂಗಳಿಗೆ 934 ಯೂರೋದಂತೆ ಕೈಗೆ ಕೊಡುತ್ತಿದ್ದರು, ಅತ್ತೆ ಸೊಸೆಗೆ ಅಕ್ಕಿ ಅಳೆದು ಕೊಟ್ಟ ಹಾಗೆ. ಯೂರೋಗೆ ತೊಂಬತ್ತು ರೂಪಾಯಿ ಹಿಡಿದರೂ ಅದೊಂದೇ ಹತ್ತು ಲಕ್ಷ ದಾಟಿತು. ಶುಲ್ಕ ಐದು ಲಕ್ಷ ನಲವತ್ತು ಸಾವಿರ. ಟಿಕೆಟ್ಟು, ವಿಮೆ, ಚಳಿಗೆ ಬಟ್ಟೆ ಬೇರೆ. ಎರಡನೆಯ ವರ್ಷದ ಖರ್ಚನ್ನು ಅವಳೇ ದುಡಿದುಕೊಳ್ಳಬೇಕು. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ವಿದ್ಯಾರ್ಥಿಗಳಿಗೆ ಅಲ್ಲಿ ಅನುಮತಿ ಇದೆ.

ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು 1947ರಲ್ಲಿ ಹಡಗು ಹತ್ತಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದದ್ದು ಸರ್ಕಾರದ ವಿದ್ಯಾರ್ಥಿವೇತನದಿಂದ. ಡಾಕ್ಟರೇಟ್ ಪಡೆದು ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊಫೆಸರ್ ಆದರು. ನಮ್ಮ ಪುಟ್ಟಿಯೂ ವಿದ್ಯಾರ್ಥಿವೇತನಗಳನ್ನು ಹುಡುಕಿದಳು. ನಮಗೆ ಹೊಂದುವಂತಿದ್ದ ಒಂದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕಿತ್ತು. ಉಳಿದದ್ದು ಬ್ಯಾಂಕ್ ಸಾಲ.

ಬ್ಯಾಂಕಿನ ಮ್ಯಾನೇಜರು ಒಳ್ಳೆಯವರು, ಬಿಡಿಸಿ ಹೇಳಿದರು. ವಿದ್ಯಾಭ್ಯಾಸದ ಸಾಲ ಏಳೂವರೆ ಲಕ್ಷದವರೆಗೆ ಆಸ್ತಿ ಅಡವಿಲ್ಲದೆ ಸಿಗುತ್ತದೆ, ಮೇಲಾದರೆ ಆಸ್ತಿ ತೋರಿಸಬೇಕು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಇವರು ಎದೆಯುಬ್ಬಿಸಿ, “ತೋಟ ಇದೆಯಲ್ಲ ಸಾರ್, ಅಡಿಕೆ ತೋಟ” ಅಂದರು. ಕ್ವಿಂಟಾಲಿನ ದರವನ್ನು ಹೇಳಿದರು. ಮ್ಯಾನೇಜರು ನಕ್ಕು, “ಕೃಷಿ ಜಮೀನು ಇದಕ್ಕೆ ಬರಲ್ಲ. ಅದೂ ಪಾಲಾಗದ್ದು. ಸೈಟು, ಮನೆ ಏನಾದರೂ?” ಎಂದರು. ಇರುವ ಮನೆ ಬಾಡಿಗೆಯದು.

ಸೈಟು ಇತ್ತು. ನನ್ನದು.

ಅದರ ವಿಚಾರ ಹೇಳಲೇಬೇಕು. 2009ರಲ್ಲಿ ಊರ ಹೊರಗಿನ ಬಡಾವಣೆಯಲ್ಲಿ ತೆಗೆದ ಮೂವತ್ತು ನಲವತ್ತರ ಸೈಟು. ಖಾಸಗಿ ಶಾಲೆಯ ಸಂಬಳ ಎಷ್ಟೆಂದು ಹೇಳಿದರೆ ನೀವು ನಗುತ್ತೀರಿ. ಸಂಬಳದಲ್ಲಿ ಉಳಿಸಿದ್ದು, ಟ್ಯೂಷನ್ನಿನದ್ದು, ಸಂಘದ ಚೀಟಿ ಎತ್ತಿದ್ದು, ಎಲ್ಲ ಸೇರಿಸಿ ಕೊಂಡದ್ದು. ಕ್ರಯಪತ್ರದಲ್ಲಿ ನನ್ನ ಹೆಸರಿದೆ. ಮದುವೆಯಾದ ಮೇಲೆ ನನ್ನ ಹೆಸರು ಒಂಟಿಯಾಗಿ, ಯಾರ ಹೆಂಡತಿ ಯಾರ ತಾಯಿ ಎಂಬ ಬಾಲವಿಲ್ಲದೆ ಇದ್ದ ಕಾಗದಗಳು ಎರಡೇ. ಒಂದು ಶಾಲೆಯ ಹಾಜರಿ ಪುಸ್ತಕ, ಇನ್ನೊಂದು ಇದು. (ಕ್ರಯಪತ್ರದಲ್ಲಿ ‘ಕೋಂ’ ಎಂದು ಇವರ ಹೆಸರೂ ಇದೆ ಅನ್ನಿ, ನಾನು ಅಲ್ಲಿ ಕಣ್ಣು ಹಾಯಿಸುವುದಿಲ್ಲ.) ಬೇಸಿಗೆಯಲ್ಲಿ ಸಂಜೆ ವಾಕಿಂಗ್ ನೆಪದಲ್ಲಿ ಹೋಗಿ ಇಲ್ಲಿ ಅಡುಗೆಮನೆ, ಇಲ್ಲಿ ತುಳಸಿಕಟ್ಟೆ ಎಂದು ಹೆಜ್ಜೆ ಅಳೆದು ಬರುತ್ತಿದ್ದೆ.

ಸುದ್ದಿ ಹರಡಿತು. ಭಾವನವರು ಬಂದು, “ಹೆಣ್ಣುಮಗಳ ಓದಿಗೆ ಸೈಟು ಅಡ ಇಡೋದಾ? ಅದನ್ನ ಮಾರಿ ಮದುವೆ ಮಾಡಿದ್ರೆ ಜವಾಬ್ದಾರಿ ಕಳೀತು” ಅಂದರು. ಇವರು ಬಾಯಿಬಿಟ್ಟು ಬೇಡ ಅನ್ನಲಿಲ್ಲ, ಆದರೆ ರಾತ್ರಿ ದೀಪ ಆರಿಸಿದ ಮೇಲೆ, “ಚಿಕ್ಕವನಿಗೆ ಏನು ಉಳಿಯುತ್ತೆ?” ಎಂದು ಕತ್ತಲಿಗೆ ಕೇಳಿದರು. ನಾನು ಉತ್ತರ ಕೊಡಲಿಲ್ಲ. ಮರುದಿನ ಚಿಕ್ಕವನನ್ನೇ ಕೇಳಿದೆ. “ಅಕ್ಕ ಹೋಗ್ಲಿ ಅಮ್ಮ. ಆ ಸೈಟಲ್ಲಿ ನೆಟ್‌ವರ್ಕೇ ಸಿಗಲ್ಲ” ಅಂದ. ಹದಿನೇಳು ವರ್ಷದ ಹುಡುಗನ ಮಾತನ್ನು ಲೆಕ್ಕಕ್ಕೆ ಹಿಡಿಯುವುದು ಸರಿಯೋ ತಪ್ಪೋ, ಆ ಹೊತ್ತಿಗೆ ನನಗೆ ಅದು ಸಾಕಾಯಿತು.

ನಿಜವಾದ ಅಡ್ಡಿ ಬಂದದ್ದು ಅತ್ತೆಯವರಿಂದ. ಮೊಮ್ಮಗಳು ಹೋಗುವುದಕ್ಕೆ ಅವರ ತಕರಾರಿಲ್ಲ. “ಹೋಗಲಿ, ನೋಡಲಿ. ಆದರೆ ನೆಲದ ಕಾಗದ ಮಾತ್ರ ಕೈಬಿಡಬೇಡ” ಎಂದು ಪಟ್ಟು ಹಿಡಿದರು. ನಾನು ಸಮಾಧಾನ ಹೇಳಿದೆ. ಬ್ಯಾಂಕು ಕೊಂಡುಕೊಳ್ಳುವುದಿಲ್ಲ, ಇಟ್ಟುಕೊಳ್ಳುವುದು ಅಷ್ಟೇ, ಸಾಲ ತೀರಿದ ಮೇಲೆ ಕೊಡುತ್ತಾರೆ. “ನಮ್ಮಪ್ಪನಿಗೂ ಹಾಗೇ ಹೇಳಿದ್ರು. ಕಾಗದ ಕೊಡಿ, ಬೇರೆ ಕಾಗದ ಕೊಡ್ತೀವಿ ಅಂತ. ನಮ್ಮಪ್ಪ ಸಾಯೋವರೆಗೆ ಆ ಕಾಗದ ಬರ್ಲಿಲ್ಲ” ಅಂದರು ಅತ್ತೆ. ಅದಕ್ಕೆ ನನ್ನ ಹತ್ತಿರ ಏನೂ ಉತ್ತರವಿರಲಿಲ್ಲ. ಸಾಲ ಕಟ್ಟದಿದ್ದರೆ ಬ್ಯಾಂಕು ಹರಾಜು ಹಾಕುತ್ತದೆ ಎಂಬುದೂ ಸುಳ್ಳಲ್ಲ. ಪುಟ್ಟಿಗೆ ಕೆಲಸ ಸಿಗದಿದ್ದರೆ? ಕಾಯಿಲೆ ಬಿದ್ದರೆ? ನಾನೂ ರಾತ್ರಿ ಎದ್ದು ಕೂತದ್ದುಂಟು.

ಎರಡು ವಾರ ಹಾಗೇ ಹೋಯಿತು. ಈ ಮಧ್ಯೆ ವಕೀಲರ ಅಭಿಪ್ರಾಯ, ಋಣಭಾರ ಪತ್ರ, ಕಂದಾಯದ ರಸೀದಿ ಎಲ್ಲ ನಾನು ಸದ್ದಿಲ್ಲದೆ ಮಾಡಿಸುತ್ತಲೇ ಇದ್ದೆ. ಸೈಟಿಗೆ ಬೆಲೆ ಕಟ್ಟಲು ಬಂದವರು ನನ್ನನ್ನು ಹುಲ್ಲಿನ ನಡುವೆ ನಿಲ್ಲಿಸಿ ಫೋಟೋ ತೆಗೆದರು. ಒಂದು ಬೆಳಿಗ್ಗೆ ಅತ್ತೆ ತಲೆ ಬಾಚಿಕೊಂಡು, ಮಡಿಕೆ ಬಿಚ್ಚದ ಸೀರೆ ಉಟ್ಟು ಬಂದು, “ನಾನೂ ಬರ್ತೀನಿ, ಎಲ್ಲಿಡ್ತಾರೆ ತೋರಿಸು” ಅಂದರು.

ಎಂಬತ್ತು ವರ್ಷದವರನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ. ಮ್ಯಾನೇಜರು ಎದ್ದು ಕುರ್ಚಿ ಕೊಟ್ಟರು. ಅತ್ತೆ ಕೂರಲಿಲ್ಲ. “ಕಾಗದ ಎಲ್ಲಿಡ್ತೀರಿ?” ಎಂದು ಕೇಳಿದರು. ಒಳಗೆ ಭದ್ರವಾದ ಕೋಣೆ ಇದೆ, ಬೆಂಕಿ ಬಿದ್ದರೂ ಏನೂ ಆಗದ ಬೀರು ಎಂದರು ಮ್ಯಾನೇಜರು. “ನೀರು ಬಂದ್ರೆ?” ಅಂದರು ಅತ್ತೆ.

ಮ್ಯಾನೇಜರು ನಗಲಿಲ್ಲ. ಅವರ ಊರು ಯಾವುದೋ, ಅವರಿಗೆ ಅರ್ಥವಾಯಿತು ಅಂತ ನನಗೆ ಅನಿಸುತ್ತದೆ. ಯಾವ ಯಾವ ಕಾಗದ ಇಟ್ಟುಕೊಂಡಿದ್ದಾರೆಂಬ ಪಟ್ಟಿಯನ್ನು ಬ್ಯಾಂಕಿನ ಮೊಹರು ಹಾಕಿ ಕೊಟ್ಟರು. ಅತ್ತೆ ನನ್ನಿಂದ ಅದನ್ನು ಮೂರು ಸಲ ಓದಿಸಿದರು. ಕ್ರಯಪತ್ರ ಒಂದು, ಖಾತೆಯ ನಕಲು ಒಂದು, ನಕ್ಷೆ ಒಂದು. ಕಡೆಗೆ ಅದನ್ನು ಮಡಿಸಿ ತಮ್ಮ ಕವಳದ ಸಂಚಿಯೊಳಗೆ ಇಟ್ಟುಕೊಂಡರು. “ಇದು ನನ್ನ ಹತ್ರ ಇರ್ಲಿ. ನಮ್ಮಪ್ಪನ ಹತ್ರ ಇಂಥದ್ದೊಂದು ಇರ್ಲಿಲ್ಲ” ಅಂದರು. ಮೂಲಪ್ರತಿ ಸುಣ್ಣ ಅಡಿಕೆಯ ಜೊತೆ ಇರುವುದು ಬೇಡವೆಂದು ನಾನು ಜೆರಾಕ್ಸ್ ಮಾಡಿಸಿ ಕೊಡುತ್ತೇನೆ ಅಂದೆ. ಒಪ್ಪಲಿಲ್ಲ. ಜೆರಾಕ್ಸು ನನ್ನ ಹತ್ತಿರವಿದೆ.

ಹದಿನೈದು ಲಕ್ಷ ಸಾಲವಾಯಿತು. ವೀಸಾಕ್ಕೆ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದದ್ದು, ದಿನಾ ಪೋಸ್ಟ್‌ಮ್ಯಾನ್ ದಾರಿ ಕಾದದ್ದು, ಸೂಟ್‌ಕೇಸಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ತೂಕ ಹೆಚ್ಚಾಯಿತೆಂದು ಮೂರು ಸಲ ತೆಗೆದು ಇಟ್ಟದ್ದು, ಇವೆಲ್ಲ ಎಲ್ಲ ಮನೆಗಳಲ್ಲೂ ಆಗುವುದೇ. 2024ರ ಸೆಪ್ಟೆಂಬರಿನಲ್ಲಿ ಪುಟ್ಟಿ ಹೋದಳು. ವಿಮಾನ ನಿಲ್ದಾಣದಲ್ಲಿ ಇವರು ಅತ್ತರು, ನನಗೆ ಅಳು ಬಂದದ್ದು ಮನೆಗೆ ಬಂದು ನಾಲ್ಕು ತಟ್ಟೆ ತೊಳೆದಿಡುವಾಗ.

ಈಗ ಭಾನುವಾರ ಸಂಜೆ ವೀಡಿಯೋದಲ್ಲಿ ಬರುತ್ತಾಳೆ. ಕ್ಯಾಂಟೀನಿನಲ್ಲಿ ಪಾತ್ರೆ ಜೋಡಿಸುವ ಕೆಲಸ ಮೊದಲು ಸಿಕ್ಕಿತ್ತು, ಆಮೇಲೆ ಒಬ್ಬ ಪ್ರೊಫೆಸರರ ಕೈಕೆಳಗೆ ಲೆಕ್ಕ ಹಾಕುವ ಕೆಲಸ. ಅತ್ತೆ ಫೋನನ್ನು ಕಿವಿಗೇ ಹಿಡಿಯುತ್ತಾರೆ, ಹಾಗಾಗಿ ಪುಟ್ಟಿಗೆ ಕಾಣುವುದು ಅಜ್ಜಿಯ ಬುಗುಡಿ ಮಾತ್ರ. ಒಂದು ದಿನ ಹೇಳಿದಳು, ಸ್ಟುಟ್‌ಗಾರ್ಟಿಗೆ ಕುಡಿಯುವ ನೀರು ದಕ್ಷಿಣದ ತುದಿಯ ಬೋಡನ್‌ಸೇ ಎಂಬ ದೊಡ್ಡ ಸರೋವರದಿಂದ ಕೊಳವೆಯಲ್ಲಿ ಬರುತ್ತದೆ, ನೂರು ಕಿಲೋಮೀಟರಿಗಿಂತ ಹೆಚ್ಚು ದೂರದಿಂದ, 1958ರಿಂದಲೂ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, “ಅದಕ್ಕೆ ಯಾರ ಊರು ಹೋಯ್ತೇ?”

“ಯಾರದ್ದೂ ಇಲ್ಲ ಅಜ್ಜಿ. ತಾನಾಗೇ ಆದ ಸರೋವರ ಅದು.”

“ಸರಿಯಾಗಿ ವಿಚಾರಿಸು” ಅಂದರು ಅತ್ತೆ.

ಕಂತು ಇನ್ನೂ ಶುರುವಾಗಿಲ್ಲ. ಬಡ್ಡಿ ಬೆಳೆಯುವುದು ಬೇಡವೆಂದು ಇವರು ತಿಂಗಳು ತಿಂಗಳು ಅದನ್ನು ಕಟ್ಟುತ್ತಾರೆ. ಸೈಟಿನ ಕಂದಾಯ ಮಾತ್ರ ನಾನೇ ಹೋಗಿ ಕಟ್ಟುತ್ತೇನೆ, ಅಡವಿಟ್ಟರೂ ಕಂದಾಯ ನಮ್ಮದೇ ತಾನೇ. ಹೋದ ಸಲ ಹೋದಾಗ ಹಾಗೇ ಸೈಟಿನ ಕಡೆಗೂ ಹೋಗಿ ಬಂದೆ. ಸೊಂಟದೆತ್ತರ ಹುಲ್ಲು ಬೆಳೆದಿತ್ತು. ಪಕ್ಕದ ಮನೆಯಾಕೆ, “ನಮ್ಮ ಹಸು ಕಟ್ಟಿಕೊಳ್ಳಲಾ ಅಕ್ಕಾ?” ಎಂದರು. ಕಟ್ಟಿಕೊಳ್ಳಿ, ತುಳಸಿಕಟ್ಟೆಯ ಜಾಗ ಒಂದು ಬಿಟ್ಟು ಅಂದೆ. ಅದು ಎಲ್ಲಿದೆಯೆಂದು ಅವರು ಪಾಪ ಸುತ್ತ ಹುಡುಕಿದರು.